ಎಳ್ಳ ಅಮಾವಾಸ್ಯೆ ಹೊತ್ತಿಗೆ ಔರಾದಕ್ಕೆ ಡ್ಯೂಟಿ ಬಿದ್ದರೆ

ಬೆಂಗಳೂರಿನಿಂದ ಆಡಿಟ್‌ಗೆಂದು ಡಿಸೆಂಬರಿನಲ್ಲಿ ಬೀದರ ಜಿಲ್ಲೆಯ ಔರಾದ, ಕಮಲನಗರದ ಕಡೆ ಬರುವವರು ಮೊದಲು ಲಾಡ್ಜ್ ಯಾವುದಿದೆ ಅಂತ ಕೇಳುತ್ತಾರೆ. ಲಾಡ್ಜಿಗಿಂತ ಮೊದಲು ಪಂಚಾಂಗ ನೋಡ್ರಿ. ಮಾರ್ಗಶಿರದ ಅಮಾವಾಸ್ಯೆಯೇ ನಮ್ಮ ಎಳ್ಳ ಅಮಾವಾಸ್ಯೆ. 2024ರಲ್ಲಿ ಜನವರಿ 11ಕ್ಕೂ ಬಂತು, ಡಿಸೆಂಬರ್ 30ಕ್ಕೂ ಬಂತು. 2025ರಲ್ಲಿ ಡಿಸೆಂಬರ್ 19ಕ್ಕೆ. ಅವತ್ತು ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಊಟ ಮಾಡುತ್ತಾರೆ. ರಜೆ ಇರಲಿ ಬಿಡಲಿ, ಮಧ್ಯಾಹ್ನ ಕಡತ ತೆಗೆದುಕೊಡುವವರು ಸಿಗುವುದು ಕಷ್ಟ. ಗಡಿಯಾಚೆ ಮಹಾರಾಷ್ಟ್ರದ ಲಾತೂರ, ಧಾರಾಶಿವ ಜಿಲ್ಲೆಗಳಲ್ಲೂ ಇದೇ ಹಬ್ಬ, ಇದೇ ದಿನ. ಹಾಗಾಗಿ ಔರಾದದ ಕೆಲಸ ಮುಂದೂಡಿ ಲಾತೂರ ಜಿಲ್ಲೆಯ ಉದಗೀರಕ್ಕೆ ಹೋಗಿ ಬರೋಣ ಅನ್ನುವ ಲೆಕ್ಕವೂ ನಡೆಯುವುದಿಲ್ಲ.

ಆದರೆ ಆ ದಿನ ತಪ್ಪಿಸಿಕೊಂಡು ಹೋಗಬೇಡ್ರಿ. ಈ ಕಡೆಯ ಕಚೇರಿಗಳಿಗೆ ವರ್ಷದ ದೊಡ್ಡ ಪಾರ್ಟಿ ಅದೇ. ಹೊಲ ಇದ್ದವರು ಹೊಲ ಇಲ್ಲದ ಸಹೋದ್ಯೋಗಿಗಳನ್ನು, ಸಾಹೇಬರನ್ನು, ಬೇರೆ ಊರಿಂದ ಬಂದವರನ್ನು "ನಮ್ಮ ಹೊಲಕ್ಕ ಬರ್ರಿ" ಅಂತ ಕರೆಯುತ್ತಾರೆ. ಜಾತಿ, ಧರ್ಮ, ಹುದ್ದೆ ಅಂತ ನೋಡದೆ ಕರೆಯುವ ಕರೆ ಇದು. ಮೂರು ಕಡೆಯಿಂದ ಕರೆ ಬಂದರೆ ಮೂರೂ ಕಡೆ ಹೋಗಬೇಕು. ಮೊದಲ ಹೊಲದಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಮೂರನೆಯವರಿಗೆ ಬೇಜಾರಾಗುತ್ತದೆ. ಅದಕ್ಕೇ ಮೊದಲೆರಡು ಕಡೆ ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳಿ. ಬರಿಗೈಲಿ ಹೋಗಲು ಮುಜುಗರವಾದರೆ ಬೀದರದಿಂದಲೇ ಒಂದು ಡಜನ್ ಬಾಳೆಹಣ್ಣು, ಒಂದು ತೆಂಗಿನಕಾಯಿ ತಂದರೆ ಸಾಕು.

ಹೊಲ ಮುಟ್ಟಿದ ಕೂಡಲೇ ಊಟಕ್ಕೆ ಕೂರುವುದಿಲ್ಲ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮನೆಯವರು ಎಡೆಯ ಅಡುಗೆಯನ್ನು ಬೆಳೆಯ ಸುತ್ತ ಚೆಲ್ಲುತ್ತ, ಕೂಗು ಹಾಕುತ್ತ ಹೋಗುತ್ತಾರೆ. ಅದು ಚರಗ. ನೀವೂ ಹಿಂದೆ ಹೋಗಬಹುದು, ದನಿ ಕೂಡಿಸಬಹುದು. ಬಿಳಿಜೋಳ, ಕಡಲೆ ತುಳಿಯದೆ ಬದುವಿನ ಮೇಲೆಯೇ ನಡೀರಿ. ಚಪ್ಪಲಿಗಿಂತ ಬೂಟು ಒಳ್ಳೆಯದು, ಜಾಲಿಮುಳ್ಳು ತೆಳು ಅಟ್ಟೆಯನ್ನು ದಾಟಿ ಬರುತ್ತದೆ. ಕಾರಿನ ಟೈರಿಗೂ ಅದೇ ಗತಿ, ಗಾಡಿಯನ್ನು ಡಾಂಬರು ರಸ್ತೆಯಲ್ಲೇ ಬಿಡ್ರಿ.

ಇನ್ನು ಭಜ್ಜಿ. ಬೀದರದಲ್ಲಿ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಅವರೆ, ಕಡಲೆ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಈರುಳ್ಳಿ ತಪ್ಪಲು, ಆ ವಾರ ಹೊಲದಲ್ಲಿ ಸಂತೆಯಲ್ಲಿ ಸಿಕ್ಕಿದ್ದೆಲ್ಲ ಸೇರಿಸಿ ಬೇಯಿಸಿದ ಗಟ್ಟಿ ಪಲ್ಯ. ಅರ್ಧ ಕಿಲೋ ಹಸಿಕಾಳಿಗೆ ಎರಡು ಹಿಡಿ ಕಡಲೆಹಿಟ್ಟು, ನಿಂಬೆಗಾತ್ರದ ಹುಣಸೆ ಹಿಡಿಯುತ್ತದೆ. ಹಿಟ್ಟನ್ನು ಕುದಿಯುವ ಪಾತ್ರೆಗೆ ನೇರ ಸುರಿದರೆ ಗಂಟು ಕಟ್ಟುತ್ತದೆ. ತಣ್ಣಗಿನ ಹುಣಸೆ ನೀರಲ್ಲಿ ಕಲಸಿಯೇ ಹಾಕಬೇಕು. ಕಾಳು ಮೊದಲು, ಸೊಪ್ಪು ಕೊನೆಗೆ. ಅದಲುಬದಲಾದರೆ ಸೊಪ್ಪು ಕರಗಿಹೋಗಿ ಕಾಳು ಹಸಿ ಉಳಿಯುತ್ತದೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಜೋಳದ ಬಾನ (ಅನ್ನದ ಹಾಗೆ ಬೇಯಿಸಿದ ಜೋಳ), ಶೇಂಗಾ ಹೋಳಿಗೆ.

ಮಡಕೆಯಲ್ಲಿ ಅಂಬಲಿ ಇರುತ್ತದೆ. ಜೋಳದ ಹಿಟ್ಟು ಕಾಸಿ, ಆರಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಜೀರಿಗೆ ಹಾಕಿ ಹುಳಿ ಬರಲು ಬಿಟ್ಟದ್ದು. ರುಚಿಯಾಗಿದೆ ಅಂತ ಮೂರು ಲೋಟ ಕುಡಿದರೆ ಮರದಡಿ ನಿದ್ದೆ ಗ್ಯಾರಂಟಿ. ಆ ಸಂಜೆಗೆ ಮೀಟಿಂಗ್ ಇಟ್ಟುಕೊಳ್ಳಬೇಡ್ರಿ.

ಪ್ರಯಾಣದ ವಿಷಯ ಹೆಚ್ಚೇನಿಲ್ಲ. ಯಶವಂತಪುರದಿಂದ ಬೀದರಕ್ಕೆ ರಾತ್ರಿ ರೈಲಿದೆ. ಹೈದರಾಬಾದಿನಿಂದ ರಸ್ತೆಯಲ್ಲಿ ಬಂದರೆ ಸುಮಾರು 140 ಕಿ.ಮೀ. ಬೀದರದಿಂದ ಔರಾದ ಸುಮಾರು 40 ಕಿ.ಮೀ., ಕೆಂಪು ಬಸ್ಸು ಊರೂರಿಗೆ ನಿಲ್ಲುವುದರಿಂದ ಒಂದು ಗಂಟೆ ದಾಟುತ್ತದೆ. ಕಮಲನಗರಕ್ಕೆ ರೈಲೂ ಇದೆ. ವಸತಿ ಬೀದರದಲ್ಲೇ ಮಾಡ್ರಿ, ಸಂಜೆಯ ಕೊನೆ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿದಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಇದು ಎತ್ತರದ ಪ್ರದೇಶ, ಬೆಳಗಿನ ಚಳಿಗೆ ಸ್ವೆಟರ್ ಬೇಕು. ಹಳೆಯ ಜಮೀನು ದಾಖಲೆ ನೋಡುವ ಕೆಲಸವಿದ್ದರೆ ಉರ್ದು ಓದಬಲ್ಲವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. 1956ರ ತನಕ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು, ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿವೆ. ಮಾತಿನಲ್ಲಿ ಮರಾಠಿ ಬೆರೆತರೆ ಗಾಬರಿಯಾಗಬೇಡ್ರಿ, ನೀವು ಕನ್ನಡದಲ್ಲಿ ಕೇಳಿದರೆ ಉತ್ತರ ಕನ್ನಡದಲ್ಲೇ ಬರುತ್ತದೆ.

ಹಬ್ಬದ ಮರುದಿನ ಡಬ್ಬಿ ಕಟ್ಟಿಸಿಕೊಂಡು ಬರಬೇಡ್ರಿ. ಉಳಿದ ಭಜ್ಜಿ, ಕಟಿ (ಒಣಗಿದ) ರೊಟ್ಟಿ ಎಲ್ಲರ ಮನೆಯಿಂದಲೂ ಕಚೇರಿಗೆ ಬರುತ್ತದೆ, ಮತ್ತು ಹುಳಿ ಹಿಡಿದ ಆ ಎರಡನೇ ದಿನದ ಭಜ್ಜಿಯೇ ಹೆಚ್ಚು ರುಚಿ.