ಆ ಹೆಸರನ್ನು ಕೂಗಿ ಕರೆಯುವವರು ಯಾರು?

(ಸಂಪಾದಕರ ಉತ್ತರ)

ಮಾನ್ಯರೆ,

ಚಳ್ಳಕೆರೆ ತಾಲ್ಲೂಕಿನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ ನಡೆದುಕೊಂಡಿದ್ದೇನೆ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮಗೆ ಗಂಡುಮಗು ಹುಟ್ಟಿ ಎರಡು ತಿಂಗಳಾಗಿದೆ. ಹೋದ ವರ್ಷ ತೀರಿಕೊಂಡ ನಿಮ್ಮ ತಂದೆಯವರ ಹೆಸರಾದ ತಿಪ್ಪೇಸ್ವಾಮಿ ಎಂಬುದನ್ನೇ ಮಗುವಿಗೆ ಇಡಬೇಕೆಂದು ನಿಮ್ಮ ತಾಯಿಯವರು ಪಟ್ಟು ಹಿಡಿದಿದ್ದಾರೆ. ಶಾಲೆಯಲ್ಲಿ ಹುಡುಗರು ‘ತಿಪ್ಪೆ’ ಎಂದು ಆಡಿಕೊಳ್ಳುತ್ತಾರೆಂದು ಮಗುವಿನ ತಾಯಿ, ನಿಮ್ಮ ಮನೆಯವರು, ಒಪ್ಪುತ್ತಿಲ್ಲ. ಈ ಕಾಲದ ಮಗುವಿಗೆ ಆ ಹೆಸರು ಹೊಂದುತ್ತದೆಯೇ, ಸರ್ಟಿಫಿಕೇಟಿಗೆ ಮಾತ್ರ ಅದನ್ನು ಬರೆಸಿ ಮನೆಯಲ್ಲಿ ಬೇರೆ ಏನಾದರೂ ಕರೆದುಕೊಂಡರೆ ಆಗದೇ ಎಂದು ನೀವು ಕೇಳಿದ್ದೀರಿ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಾನೇ ಹಾಗೆ ಮಾಡಿ ನೊಂದವನು. ನನ್ನ ಹಿರಿಯ ಮಗನಿಗೆ ನಮ್ಮ ತಂದೆಯವರ ಹೆಸರನ್ನು, ಹಾಲಪ್ಪ ಎಂದು, ದಾಖಲೆಯಲ್ಲಿ ಬರೆಸಿದೆವು. ಮನೆಯಲ್ಲಿ ಎಲ್ಲರೂ ಚಿನ್ನು ಎಂದೇ ಕರೆದೆವು. ದಾವಣಗೆರೆಯ ಶಾಲೆಯೊಂದರಲ್ಲಿ ಅವನನ್ನು ಒಂದನೇ ತರಗತಿಗೆ ಸೇರಿಸಿದ ದಿನ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಹಾಜರಿ ತೆಗೆದುಕೊಳ್ಳುತ್ತಿದ್ದ ಮೇಷ್ಟ್ರು ‘ಹಾಲಪ್ಪ’ ಎಂದು ಮೂರು ಸಲ ಕೂಗಿದರು. ನನ್ನ ಮಗನೂ ಉಳಿದ ಮಕ್ಕಳಂತೆ ಅತ್ತಿತ್ತ ತಿರುಗಿ, ಆ ಹಾಲಪ್ಪ ಯಾರೆಂದು ಹುಡುಕುತ್ತಿದ್ದ. ಅದು ತನ್ನದೇ ಹೆಸರೆಂದು ಗೊತ್ತಾದಾಗ ಇಡೀ ತರಗತಿ ನಕ್ಕಿತು, ಅವನ ಮುಖ ಸಣ್ಣದಾಯಿತು. ತನ್ನ ಹೆಸರು ತನಗೇ ತಿಳಿಯದ ಹುಡುಗನನ್ನು ಕಂಡು ಮಕ್ಕಳು ನಕ್ಕಿದ್ದರು. ಅವನು ಮಾತ್ರ ಹೆಸರೇ ನಗೆಪಾಟಲಿನದೆಂದು ತಿಳಿದ. ಹೈಸ್ಕೂಲು ಮುಗಿಯುವವರೆಗೂ ನೋಟ್‌ಬುಕ್ಕಿನ ಮೇಲೆ ಆ ಹೆಸರನ್ನು ಪೂರ್ತಿಯಾಗಿ ಬರೆದವನಲ್ಲ. ನಮ್ಮ ತಂದೆಯವರ ಹೆಸರಿಗೆ ನನ್ನ ಮನೆಯಲ್ಲೇ ಹಾಗಾಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಹಳೆಯ ಹೆಸರು ಎನ್ನುತ್ತೇವಲ್ಲ, ಅದನ್ನು ಸ್ವಲ್ಪ ನಿಂತು ನೋಡಬೇಕು. ರುದ್ರ ಎಂಬ ಹೆಸರು ಋಗ್ವೇದದಲ್ಲಿದೆ; ಈಗ ಅಂಗನವಾಡಿಗೆ ಹೋಗುವ ಮಕ್ಕಳಿಗೆ ಅದನ್ನು ಇಟ್ಟರೆ ಹೊಸ ಹೆಸರು ಎನ್ನಿಸಿಕೊಳ್ಳುತ್ತದೆ. ಅದೇ ರುದ್ರಪ್ಪ ಎಂದರೆ ಮುದುಕರ ಹೆಸರು. ಪದದ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ನಾವು ಕಂಡ ರುದ್ರಪ್ಪಂದಿರೆಲ್ಲ ರುಮಾಲು ಸುತ್ತಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು, ಆದ್ದರಿಂದ ಹೆಸರಿಗೂ ಅವರ ನರೆ ಅಂಟಿಕೊಂಡಿದೆ. ಆ ಹಿರಿಯರಿಗೂ ತೊಟ್ಟಿಲಲ್ಲಿ ಮಲಗಿದ್ದಾಗಲೇ ಅದನ್ನು ಇಟ್ಟಿದ್ದರು.

ಇನ್ನು ತಿಪ್ಪೆಯ ಮಾತು. ಹುಡುಗರು ಆಡಿಕೊಳ್ಳುವುದಿಲ್ಲ ಎಂದು ನಾನು ಹೇಳಲಾರೆ, ಖಂಡಿತ ಆಡಿಕೊಳ್ಳುತ್ತಾರೆ. ಆದರೆ ಮಗುವಿಗೆ ತಿರುಗಿ ಹೇಳಲು ಒಂದು ಮಾತು ಬೇಕು, ಅದು ನಿಮ್ಮ ಊರಿನಲ್ಲಿಯೇ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ದೃಷ್ಟಿ ತಾಗದಿರಲೆಂದು ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಬೇಸಾಯದ ಮನೆಗೆ ತಿಪ್ಪೆ ಎಂದರೆ ಕಸವಲ್ಲ, ಮುಂದಿನ ಮುಂಗಾರಿನ ಗೊಬ್ಬರ. ದೀಪಾವಳಿಯಲ್ಲಿ ಅದಕ್ಕೂ ದೀಪ ಇಟ್ಟು ಪೂಜೆ ಮಾಡುವ ಹೆಂಗಸರನ್ನು ನೀವೂ ಕಂಡಿರುತ್ತೀರಿ. ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ನೆಲೆಸಿ, ಮಳೆ ಕಡಿಮೆ ಇರುವ ಆ ಸೀಮೆಯಲ್ಲಿ ಜನರಿಂದ ಕೆರೆಗಳನ್ನು ಕಟ್ಟಿಸಿ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ಸಂತ ತಿಪ್ಪೇರುದ್ರಸ್ವಾಮಿಯ ಹೆಸರು ಅದು. ಫಾಲ್ಗುಣದ ಜಾತ್ರೆಯಲ್ಲಿ ರಾಶಿ ರಾಶಿ ಒಣಕೊಬ್ಬರಿ ಉರಿಯುವಾಗ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ‘ಇದು ನಿನ್ನ ಹೆಸರಿನವನ ತೇರು’ ಎಂದು ತೋರಿಸಲು ನಿಮಗೆ ಸಾಧ್ಯವಿದೆ. ಹೊನ್ನಾಳಿಯಲ್ಲಿ ಹುಟ್ಟಿ, 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸ ಎಚ್. ತಿಪ್ಪೇರುದ್ರಸ್ವಾಮಿ, ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಇವರ ಕಥೆಯನ್ನು ಅವನು ದೊಡ್ಡವನಾದ ಮೇಲೆ ಹೇಳಬಹುದು. ಆರು ವರ್ಷದವನಿಗೆ ತೇರೇ ಸಾಕು.

ಹೀಗಿದ್ದರೂ ‘ಆ ಹೆಸರನ್ನೇ ಇಡಿ’ ಎಂದು ನಾನು ಈಗಲೇ ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ನೀವು ಗಮನಿಸದ ಒಂದು ಸಂಗತಿಯಿದೆ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಮೊಮ್ಮಗನಿಗೆ ಆ ಹೆಸರಿಟ್ಟರೆ ಅವನನ್ನು ‘ಅಜ್ಜಯ್ಯ’ ಎಂದೋ ‘ಯಜಮಾನ’ ಎಂದೋ ಕರೆಯುತ್ತಾರೆ. ನಿಮ್ಮ ತಾಯಿಯವರೂ ಹಾಗೆಯೇ ಮಾಡಬಹುದು. ಮಾವನ ಹೆಸರನ್ನು ಬಾಯಿ ತುಂಬ ಕರೆಯಲು ಸೊಸೆಗೂ ಅಳುಕು ಇರುತ್ತದೆ. ಹಾಗಾದರೆ ಆ ಹೆಸರನ್ನು ದಿನಕ್ಕೆ ನೂರು ಸಲ, ಊಟಕ್ಕೆ, ಸ್ನಾನಕ್ಕೆ, ಬೀದಿಯಿಂದ ಒಳಗೆ ಬರಲು, ಕೂಗುವವರು ಯಾರು? ಕರೆಯಬೇಕಾದ ತಾಯಿಯೇ ಒಲ್ಲೆ ಎಂದರೆ ಆ ಹೆಸರು ನನ್ನ ಮಗನದರಂತೆ ಕಾಗದದಲ್ಲಿ ಉಳಿಯುತ್ತದೆ. ಆದ್ದರಿಂದ ನಿಮ್ಮ ಮನೆಯವರ ಒಪ್ಪಿಗೆಯಿಲ್ಲದೆ ದಯವಿಟ್ಟು ಇಡಬೇಡಿ. ಅಜ್ಜಿಯ ದುಃಖ ದೊಡ್ಡದು, ಅದನ್ನು ನಾನು ಬಲ್ಲೆ. ಆದರೂ ಮೊದಲ ಮಾತು ತಾಯಿಯದು.

ಅವರು ಒಪ್ಪಿದರೆ ಒಂದು ದಾರಿ ಇದೆ. ಕರೆಯುವ ಹೆಸರನ್ನು ಇಟ್ಟ ಹೆಸರಿನೊಳಗಿಂದಲೇ ತೆಗೆಯಿರಿ. ಸ್ವಾಮಿಯ ಪೂರ್ಣ ಹೆಸರಿನಂತೆ ತಿಪ್ಪೇರುದ್ರ ಎಂದು ಇಟ್ಟು ರುದ್ರ ಎಂದು ಕರೆಯಬಹುದು. ತಿಪ್ಪೇಸ್ವಾಮಿ ಎಂದೇ ಇಟ್ಟು ಸ್ವಾಮಿ ಎನ್ನಬಹುದು. ಆಗ ಹಾಜರಿಯಲ್ಲಿ ಕೇಳುವ ಹೆಸರಿನಲ್ಲಿ ಅಮ್ಮ ಕರೆಯುವ ಹೆಸರೂ ಕೇಳಿಸುತ್ತದೆ. ವಾರಕ್ಕೊಮ್ಮೆಯಾದರೂ ಪೂರ್ತಿ ಹೆಸರು ಹಿಡಿದು ಕರೆಯುವ ರೂಢಿ ಇರಲಿ.

ಅವಸರವೂ ಇಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಅದನ್ನು ನೀವು ಮಾಡಿಸಿದ್ದೀರಿ. ಹೆಸರು ಸೇರಿಸಲು ನೋಂದಣಿಯಾದ ದಿನದಿಂದ 12 ತಿಂಗಳು ಶುಲ್ಕವಿಲ್ಲದ ಅವಕಾಶವಿದೆ. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಹಲವು ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಇಂಗ್ಲಿಷಿನಲ್ಲಿ ತಿಪ್ಪೇಸ್ವಾಮಿಯನ್ನು ಒಬ್ಬರು ‘ಟಿ’ ಬಳಿಕ ‘ಎಚ್’ ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಒಂದನ್ನು ನಿಶ್ಚಯಿಸಿಕೊಂಡು ಎಲ್ಲ ಕಡೆ ಅದನ್ನೇ ಬರೆಸಿ.

ಅದಕ್ಕೂ ಮೊದಲು ಒಂದು ಸಂಜೆ ತೊಟ್ಟಿಲ ಬಳಿ ಮೂವರೂ ಕುಳಿತುಕೊಳ್ಳಿ. ನಿಮ್ಮ ಮನೆಯವರು ಮಗುವನ್ನು ಆ ಹೆಸರಿನಿಂದ ಒಮ್ಮೆ ಗಟ್ಟಿಯಾಗಿ ಕರೆದು ನೋಡಲಿ. ನಿಮ್ಮ ತಾಯಿಯವರೂ, ಮನಸ್ಸು ಒಪ್ಪಿದರೆ, ಮಗುವಿನ ಕಿವಿಯಲ್ಲಾದರೂ ಅದನ್ನು ಹೇಳಲಿ. ಏನಾಯಿತೆಂದು ನನಗೆ ಬರೆಯಿರಿ.