ಲೈಕಾ ಎಂ ಕ್ಯಾಮೆರಾಗೆ ಫೋಕ್ಟ್‌ಲೆಂಡರ್ 15 ಎಂಎಂ ಲೆನ್ಸ್ ಹಾಕಿದರೆ ಫೋಕಸ್, ಫ್ರೇಮಿಂಗ್ ಹೇಗೆ?

1999ರಲ್ಲಿ ಬಂದ ಈ ಲೆನ್ಸ್‌ನ ಮೊದಲ ಆವೃತ್ತಿ 15 ಎಂಎಂ ಎಫ್/4.5 ಹೀಲಿಯರ್‌ಗೆ ಕ್ಯಾಮೆರಾದ ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಮಾಡಲು ನೆರವಾಗುವ ಸಾಧನ) ಜೊತೆ ಕೊಂಡಿಯೇ ಇಲ್ಲ. ದೂರ ಅಂದಾಜು ಮಾಡಿ ಲೆನ್ಸ್‌ನ ಫೋಕಸ್ ರಿಂಗ್ ತಿರುಗಿಸಬೇಕು. ಇದು ಕಷ್ಟವೇನಲ್ಲ. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ರಂಧ್ರ) ಎಫ್/8, ರಿಂಗ್ 1 ಮೀಟರ್‌ಗೆ ಇಡಿ. ಸುಮಾರು ಅರ್ಧ ಮೀಟರ್‌ನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ಬೀದಿಯಲ್ಲಿ ಫೋಟೊ ತೆಗೆಯಲು ನನಗೆ ಇದಕ್ಕಿಂತ ಇಷ್ಟವಾದ ವಿಧಾನ ಇನ್ನೊಂದಿಲ್ಲ.

ಫ್ರೇಮಿಂಗ್‌ಗೆ ಜಾಸ್ತಿ ಗಮನ ಬೇಕು. ಹೆಚ್ಚಿನ ಎಂ ಕ್ಯಾಮೆರಾಗಳ ಕಿಂಡಿಯಲ್ಲಿ ಫೋಟೊದ ಅಂಚು ತೋರಿಸುವ ಗೆರೆಗಳು 28 ಎಂಎಂ ಲೆನ್ಸ್‌ವರೆಗಷ್ಟೇ ಇರುತ್ತವೆ. ಹಾಗಾಗಿ ಮೇಲೆ ಫ್ಲಾಶ್ ಕೂರಿಸುವ ಜಾಗಕ್ಕೆ 15 ಎಂಎಂನ ಬೇರೆ ಫೈಂಡರ್ (ದೃಶ್ಯ ನೋಡುವ ಕಿಂಡಿ) ಹಾಕಿಕೊಳ್ಳಿ. ಅದು ಲೆನ್ಸ್‌ಗಿಂತ ಮೇಲಿದೆ ಅಲ್ವಾ, ಹತ್ತಿರದ ವಸ್ತು ಫೋಟೊದಲ್ಲಿ ಸ್ವಲ್ಪ ಸರಿದು ಬರುತ್ತದೆ. ನೋಟದ ಕೋನ 110 ಡಿಗ್ರಿ. ಕ್ಯಾಮೆರಾ ಸ್ವಲ್ಪ ಮೇಲಕ್ಕೆ ವಾಲಿದರೂ ಕಟ್ಟಡಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ. ಮಟ್ಟ ನೋಡಲು ಸಣ್ಣ ಬಬಲ್ ಲೆವೆಲ್ ಒಳ್ಳೆಯದು. ಹಿಡಿದ ಬೆರಳೂ ಫ್ರೇಮಿನೊಳಗೆ ಬರಬಹುದು, ನೋಡಿಕೊಳ್ಳಿ.

ಫಿಲ್ಮ್‌ಗೆ ಹಳೆಯ ಲೆನ್ಸ್ ಸಾಕು. ಡಿಜಿಟಲ್‌ನಲ್ಲಿ ಬೆಳಕು ಸೆನ್ಸರಿನ ಅಂಚಿಗೆ ತೀರಾ ಓರೆಯಾಗಿ ಬೀಳುವುದರಿಂದ ಅಲ್ಲಿ ನೇರಳೆ ಛಾಯೆ ಬರುತ್ತದೆ. ಡಿಜಿಟಲ್ ಬಾಡಿ ಇದ್ದರೆ 2015ರ ಮೂರನೇ ಆವೃತ್ತಿಯನ್ನೇ ಕೊಳ್ಳಿ.