ಕಂಪನಿ ಪ್ರಾಜೆಕ್ಟಿಗೆ ಪರ್ಲ್ ಒಳ್ಳೆಯದೋ, ಪೈಥಾನ್ ಒಳ್ಳೆಯದೋ?

ತುಂಬಾ ವರ್ಷ ನಡೆಯುವ, ಜನ ಬದಲಾಗುತ್ತಲೇ ಇರುವ ಪ್ರಾಜೆಕ್ಟ್ ಆದರೆ ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ನಾನು ಪೈಥಾನ್ ಅನ್ನೇ ಆರಿಸುತ್ತೇನೆ. ಕೋಡ್ ಬರೆಯುವುದಕ್ಕಿಂತ ಓದುವುದೇ ಜಾಸ್ತಿ ಅಲ್ವಾ? 1987ರಲ್ಲಿ ಬಂದ ಪರ್ಲ್‌ನಲ್ಲಿ ಒಂದೇ ಕೆಲಸವನ್ನು ಹಲವು ರೀತಿ ಬರೆಯಬಹುದು. ಬರೆಯುವವರಿಗೆ ಅದು ಖುಷಿ. ಆದರೆ ಡಾಲರ್, ಅಟ್ ಚಿಹ್ನೆಗಳ ಜೊತೆ ಹೆಸರೇ ಹೇಳದೆ ಬಳಕೆಯಾಗುವ ವೇರಿಯಬಲ್‌ಗಳೂ ಸೇರಿದರೆ ಹೊಸಬರು ಒಂದು ಸಾಲಿಗೇ ಅರ್ಧ ಗಂಟೆ ಕೂರಬೇಕಾಗುತ್ತದೆ.

ಪೈಥಾನ್‌ನಲ್ಲಿ ಇಂಡೆಂಟೇಶನ್, ಅಂದರೆ ಒಟ್ಟಿಗೆ ಸೇರುವ ಸಾಲುಗಳ ಆರಂಭದಲ್ಲಿ ಒಂದೇ ಅಳತೆಯ ಜಾಗ ಬಿಡುವುದು, ಕಡ್ಡಾಯ. ಹಾಗಾಗಿ ಯಾರು ಬರೆದರೂ ಕೋಡಿನ ಆಕಾರ ಹೆಚ್ಚುಕಡಿಮೆ ಒಂದೇ. 2015ರ 3.5 ಆವೃತ್ತಿಯಿಂದ ಟೈಪ್ ಹಿಂಟ್ ಕೂಡ ಇದೆ. ಫಂಕ್ಷನ್‌ಗೆ ಏನು ಕೊಡಬೇಕು, ಏನು ವಾಪಸ್ ಬರುತ್ತದೆ ಎಂದು ಅಲ್ಲೇ ಕಾಣುತ್ತದೆ.

ಹಾಗಂತ, ಚೆನ್ನಾಗಿ ಓಡುತ್ತಿರುವ ಪರ್ಲ್ ಕೋಡನ್ನು ಸುಮ್ನೆ ಬದಲಿಸಲು ಹೋಗಬೇಡಿ. ಮೊದಲು ಅದರಲ್ಲಿ ‘ಯೂಸ್ ಸ್ಟ್ರಿಕ್ಟ್’ (ಸಡಿಲವಾಗಿ ಬರೆದ ಕೋಡನ್ನು ತಪ್ಪೆಂದು ತೋರಿಸುವ ಸಾಲು) ಹಾಕಿ, ಟೆಸ್ಟ್ ಬರೆಯಿರಿ.